ಪಟಮಟದ ಕೆಂಪು ಕಾರಿನ ಅಡಿಯಲ್ಲಿ

ವಿಮಾ ಕಂಪನಿಯ ಮೋಟಾರು ವಿಭಾಗದಲ್ಲಿ ನಾನು ಮಾಡಿದ ಕೆಲಸದ ಮುಕ್ಕಾಲು ಪಾಲು ನೆಲಕ್ಕೆ ಬೆನ್ನು ಹಚ್ಚಿ ಮಲಗಿಯೇ ನಡೆಯಿತು. ಮನೆಯಲ್ಲಿ ಮಲಗಿದ್ದಕ್ಕಿಂತ ಲಾರಿಗಳ ಕೆಳಗೆ ಮಲಗಿದ್ದೇ ಹೆಚ್ಚು ಎಂದು ನನ್ನ ಹೆಂಡತಿ ಈಗಲೂ ಬಂದವರ ಮುಂದೆ ಹೇಳುತ್ತಾಳೆ. ಈಗ ಈ ಕೆಲಸಕ್ಕೆ ಸೇರುವವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಅವರನ್ನು ಕಂಡರೆ ಸಂತೋಷವಾಗುತ್ತದೆ, ಆ ಅಂಗಿ ನೋಡಿ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಹಾರ ಇವನ್ನು ಬರೆಯುವ ಉತ್ಸಾಹ ನನಗಿಲ್ಲ. ಅವು ಎಲ್ಲರಿಗೂ ಆಗುತ್ತವೆ. ನಾನು ಮಾಡಿದ ತಪ್ಪುಗಳನ್ನು ಮಾತ್ರ ನನ್ನಷ್ಟು ಚೆನ್ನಾಗಿ ಬೇರೆ ಯಾರೂ ಮಾಡಿಲ್ಲ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಹಳೆಯ ವಾಹನವೊಂದು ಕೈ ಬದಲಾಯಿಸಿದಾಗ ಹೊಸ ಮಾಲೀಕ ವಿಮೆ ಮಾಡಿಸಲು ಬರುತ್ತಾನೆ. ಆ ವಾಹನ ನಿಜಕ್ಕೂ ಇದೆಯೇ, ಕಾಗದದಲ್ಲಿರುವುದೂ ರಸ್ತೆಯಲ್ಲಿರುವುದೂ ಒಂದೇಯೇ ಎಂದು ಹೋಗಿ ನೋಡಿ ಬರುವವನು ನಾನು. ಪ್ರತಿ ಗಾಡಿಯ ಚಾಸಿಯ ಮೇಲೆ, ಎಂದರೆ ಅದರ ಕಬ್ಬಿಣದ ಬೆನ್ನೆಲುಬಿನ ಮೇಲೆ, ಒಂದು ನಂಬರು ಕೊರೆದಿರುತ್ತಾರೆ. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಕಪ್ಪಿನ ನಡುವೆ ನಂಬರು ಬಿಳಿಯಾಗಿ ಮೂಡುತ್ತದೆ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದವಿಟ್ಟು ನಾವೆಲ್ಲ ಆಡಿದ ಆಟವೇ ಇದು. ನಮ್ಮಲ್ಲಿ ಇದಕ್ಕೆ ಪೆನ್ಸಿಲ್ ಪ್ರಿಂಟ್ ಎನ್ನುತ್ತಿದ್ದರು. ಪ್ರಿಂಟು ಆರ್‌ಸಿ ಪುಸ್ತಕದ ನಂಬರಿಗೆ ಹೊಂದಿದರೆ ಫೈಲು ಮುಂದೆ ಹೋಗುತ್ತದೆ. ಹೊಂದದಿದ್ದರೆ ನಾನು ಮತ್ತೆ ಗಾಡಿಯ ಕೆಳಗೆ ಹೋಗುತ್ತೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನನ್ನನ್ನು ಹುಬ್ಬಳ್ಳಿಯಿಂದ ವಿಶಾಖಪಟ್ಟಣಕ್ಕೆ ಹಾಕಿದರು. ಹುಬ್ಬಳ್ಳಿಯಲ್ಲಿ ‘ಏ ಕುಲಕರ್ಣಿ’ ಆಗಿದ್ದವನು ಅಲ್ಲಿ ಇಳಿದ ದಿನವೇ ‘ಕುಲಕರ್ಣಿ ಗಾರು’ ಆದೆ. ಮ್ಯಾನೇಜರು ಸುಬ್ಬಾರಾವ್ ಎಂಬವರು, ಮೃದು ಮಾತಿನ ಮನುಷ್ಯ. ನಾನು ತಂದ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, “ಟ್ಯಾಲಿ ಅಯ್ಯಿಂದಾ, ಕುಲಕರ್ಣಿ ಗಾರೂ?” ಎಂದು ಕೇಳುತ್ತಿದ್ದರು. ಹೊಂದಿತೇ ಎಂದು. “ಅಯ್ಯಿಂದಂಡಿ” ಎನ್ನುತ್ತಿದ್ದೆ. ಮೊದಲ ವರ್ಷ ನನ್ನ ತೆಲುಗು ಅಲ್ಲಿಗೇ ಮುಗಿಯುತ್ತಿತ್ತು, ಕೆಲಸಕ್ಕೆ ಅದು ಸಾಕಾಗುತ್ತಲೂ ಇತ್ತು.

ತಿಂಗಳಿಗೊಮ್ಮೆ ವಿಜಯವಾಡದ ಕಡೆಗೂ ನನ್ನ ಸವಾರಿ ಇರುತ್ತಿತ್ತು. ಒಂದು ಸಲ ಅಲ್ಲಿಯ ಒನ್ ಟೌನಿನಲ್ಲಿ ಬೇಳೆಕಾಳಿನ ವ್ಯಾಪಾರಿಯೊಬ್ಬರ ಲಾರಿ ನೋಡಬೇಕಿತ್ತು. ಮಾಲೀಕರಿಗೆ ನಮಸ್ಕಾರ ಹೇಳಿ ಕೆಳಗೆ ಹೊಕ್ಕೆ. ಡ್ರೈವರಿಗೆ ಯಾರೂ ಹೇಳಿರಲಿಲ್ಲ. ಅವನು ಚಹಾ ಮುಗಿಸಿ ಬಂದು, ಹತ್ತಿ, ಗಾಡಿ ಬಿಟ್ಟ. ಮಲಗಿದ ನನ್ನ ಮೇಲಿನಿಂದ ಇಡೀ ಲಾರಿ ಮೆಲ್ಲಗೆ ಸರಿದುಹೋಯಿತು. ಗಾಲಿಗಳ ನಡುವೆ ಇದ್ದೆನಾದ್ದರಿಂದ ನನಗೆ ಒಂದು ಗೀರೂ ಆಗಲಿಲ್ಲ. ನಡುರಸ್ತೆಯಲ್ಲಿ, ಮಟಮಟ ಮಧ್ಯಾಹ್ನ, ಕೈಯಲ್ಲಿ ಪೆನ್ಸಿಲ್ ಹಿಡಿದು ಅಂಗಾತ ಮಲಗಿದ ಮನುಷ್ಯನನ್ನು ನೋಡಿ ಜನ ಓಡಿ ಬಂದರು. ಒಬ್ಬರು ಮುಖಕ್ಕೆ ಸೋಡಾ ಹೊಡೆದರು. “ಕಂಗಾರು ಪಡಕಂಡಿ” ಎಂದು ಇನ್ನೊಬ್ಬರು ಧೈರ್ಯ ಹೇಳಿದರು, ಗಾಬರಿಯಾಗಬೇಡಿ ಎಂದು. ನಾನು ಎದ್ದು ಕೂತು ಕೇಳಿದ್ದು ಒಂದೇ ಮಾತು, ಲಾರಿ ಯಾವ ಕಡೆ ಹೋಯಿತು ಅಂತ. ನಂಬರಿನ ಕೊನೆಯ ಎರಡು ಅಂಕಿ ಇನ್ನೂ ಬಾಕಿ ಇದ್ದವು.

ಇದಾದ ಮೇಲೆ ಪ್ರತಿ ಗಾಡಿಗೂ ಆರು ತಾಸು ರೈಲಿನಲ್ಲಿ ಕೂತು ವಿಜಯವಾಡಕ್ಕೆ ಹೋಗುವ ಹುರುಪು ನನ್ನಲ್ಲಿ ಇಳಿಯಿತು. ಕಚೇರಿಯಲ್ಲಿ ಅದಕ್ಕೊಂದು ರೂಢಿಯೂ ಇತ್ತು. ಪರ ಊರಿನ ಗಾಡಿಯಾದರೆ ಪ್ರಿಂಟನ್ನು ಕೊರಿಯರಿನಲ್ಲಿ ತರಿಸಿಕೊಳ್ಳುವುದು, ಆರ್‌ಸಿಯ ನಕಲಿನೊಂದಿಗೆ ಒಂದೊಂದು ಅಂಕಿಗೂ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು, ‘ವಾಹನ ನೋಡಲಾಗಿದೆ’ ಎಂಬ ರಬ್ಬರ್ ಮುದ್ರೆ ಒತ್ತುವುದು. ಪ್ರಿಂಟು ಬಂದರೆ ಗಾಡಿಯೇ ಬಂದಂತೆ. ಯಾರೂ ಇದನ್ನು ಸುಳ್ಳು ಎಂದುಕೊಂಡಿರಲಿಲ್ಲ, ನಾನಂತೂ ಎಂದುಕೊಂಡಿರಲಿಲ್ಲ.

ಈಗ ಮೂರ್ತಿಯವರ ವಿಷಯಕ್ಕೆ ಬರುತ್ತೇನೆ. ಮೈಸೂರಿನವರು, ವಿಶಾಖಪಟ್ಟಣದ ಸರಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ವಾಸ. ಕನ್ನಡದವರ ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಪರಿಚಯವಾಗಿ ಹತ್ತಿರದವರಾದರು. ಅವರ ಹೆಂಡತಿ ಪದ್ಮಾ ಅವರನ್ನು ನಾನು ನಮ್ಮ ಕಡೆಯ ಪದ್ಧತಿಯಂತೆ ವೈನಿ ಎಂದು ಕರೆದಾಗ, ಅತ್ತಿಗೆ ಎನ್ನುವ ಬದಲು ಇದೇನು ಮರಾಠಿಯೋ ಏನೋ ಎಂದು ಒಂದು ವಾರ ಯೋಚಿಸಿದರಂತೆ.

ಒಂದು ಸಂಜೆ ಮೂರ್ತಿ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಫೋಟೋ ತೆಗೆದರು. ಇಂಟರ್ನೆಟ್ ಸೆಂಟರಿನಲ್ಲಿ ಬಣ್ಣದಲ್ಲಿ ಛಾಪಿಸಿದ್ದು. ಕಡುಗೆಂಪು ಸ್ಪೋರ್ಟ್ಸ್ ಕಾರು. ಚಪ್ಪಟೆ ಮೂತಿ, ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಅಂಟಿಕೊಂಡು ಕೂತಂತಿತ್ತು.

“ಇಟಲಿದು ಕಣ್ರೀ, ಆಕಾರ ನೋಡಿದ್ರೇ ಗೊತ್ತಾಗತ್ತೆ. ವಿಜಯವಾಡದಲ್ಲಿ ಪಟಮಟದವರೊಬ್ಬರು ಮಾರ್ತಿದಾರೆ. ಇಂಥದ್ದು ನಮ್ಮ ಕೈಗೆ ಎಟುಕೋ ಬೆಲೆಗೆ ಇನ್ನೊಮ್ಮೆ ಬರಲ್ಲ,” ಎಂದರು. ಸಂಜೆ ಹೊತ್ತಿನಲ್ಲಿ ಕಡಲ ದಂಡೆಯ ರಸ್ತೆಯಲ್ಲಿ ಇದನ್ನು ಋಷಿಕೊಂಡದವರೆಗೆ ಓಡಿಸಬೇಕು, ಅಷ್ಟೇ ತನ್ನ ಆಸೆ ಎಂದರು. ಮೂವತ್ತು ವರ್ಷ ದುಡಿದ ಮನುಷ್ಯ. ತನಗೆಂದು ಒಂದು ಒಳ್ಳೆಯ ವಾಚು ಕೊಂಡವರಲ್ಲ. ಹೇಳಿ ಮುಗಿಸಿ ಫೋಟೋವನ್ನು ಮಡಚದಂತೆ ಮೆಲ್ಲಗೆ ಜೇಬಿಗಿಳಿಸಿದರು.

ವೈನಿಗೆ ಈ ಕಾರು ಬಿಲ್‌ಕುಲ್ ಬೇಡವಾಗಿತ್ತು. “ನೋಡದೇ ಇರೋ ಊರಿನ ನೋಡದೇ ಇರೋ ಮನುಷ್ಯನ ಹತ್ರ ಕಾರು ತಗೊಳ್ತಾರಂತೆ,” ಎಂದು ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದರು. ಆಮೇಲೆ ಗಂಡನ ಮುಖ ನೋಡಿ ಮೆತ್ತಗಾದರು. “ಒಂದು ಮಾತು. ಕುಲಕರ್ಣಿಯವರು ಕಣ್ಣಾರೆ ನೋಡಿ ಸರಿ ಇದೆ ಅಂದ್ರೆ ನಾನು ಅಡ್ಡ ಬರಲ್ಲ. ಅವರು ಬೇಡ ಅಂದ್ರೆ ನೀವು ಮತ್ತೆ ಆ ಫೋಟೋ ಹೊರಗೆ ತೆಗೀಬಾರದು.”

ಹಾಗೆ ಆ ಮನುಷ್ಯನ ಏಕೈಕ ಆಸೆ ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ಬರುವ ಶನಿವಾರ ಹೋಗುತ್ತೇನೆಂದೆ. ಆ ಶನಿವಾರ ಹೋಗಲಿಲ್ಲ, ಮುಂದಿನ ಶನಿವಾರವೂ ಹೋಗಲಿಲ್ಲ. ಅಷ್ಟರಲ್ಲಿ ಮೂರ್ತಿಯವರ ವಿಮೆಯ ಫೈಲಿಗೆಂದು ಪಟಮಟದಿಂದ ನಮ್ಮ ಕಚೇರಿಗೆ ಕೊರಿಯರು ಬಂತು. ಮಾರುವವರು ಕೋಟೇಶ್ವರರಾವ್ ಎಂಬವರು, ಎಲ್ಲ ಕ್ರಮವಾಗಿ ಕಳಿಸಿದ್ದರು. ಆರ್‌ಸಿಯ ನಕಲು, ಜೊತೆಗೆ ಪೆನ್ಸಿಲ್ ಪ್ರಿಂಟು. ಅಂಥ ಪ್ರಿಂಟನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಂದಂಕಿಯೂ ಅಲುಗಿಲ್ಲ, ಎಲ್ಲೂ ಗ್ರೀಸಿನ ಕಲೆಯಿಲ್ಲ. ಕೆಂಪು ಪೆನ್ನು ತೆಗೆದು ಒಂದೊಂದಾಗಿ ಗುರುತು ಹಾಕಿದೆ. ಸುಬ್ಬಾರಾವ್ ಬೆಳಕಿಗೆ ಹಿಡಿದು “ಟ್ಯಾಲಿ ಅಯ್ಯಿಂದಾ?” ಎಂದರು. “ಅಯ್ಯಿಂದಂಡಿ.” ಮುದ್ರೆ ಬಿತ್ತು.

ಸಂಜೆ ಮೂರ್ತಿಯವರ ಮನೆಗೆ ಹೋದೆ. ವೈನಿ ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು, “ನೋಡಿದ್ರಾ?” ಎಂದು ಕೇಳಿದರು.

“ನೋಡೀನ್ರೀ ವೈನಿ,” ಎಂದೆ.

“ಸರಿಯಾಗಿದೆಯಾ?”

“ಭಾಳ ಛಲೋ ಅದ.”

ಅವರು ಕೇಳುತ್ತಿದ್ದದ್ದು ಕಾರನ್ನು ಎಂದು ನನಗೆ ಗೊತ್ತಿತ್ತು. ಕಚೇರಿಯ ರೂಢಿಯಲ್ಲಿ ನಾನು ಹೇಳಿದ್ದು ನಿಜ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೂ ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದೆ.

ಮುಂದಿನ ಭಾನುವಾರ ಕಾರು ತರಲು ಮೂವರೂ ಬೆಳಗಿನ ರೈಲು ಹತ್ತಿದೆವು. ಮೂರ್ತಿ ಕಪ್ಪು ಕನ್ನಡಕ ಹಾಕಿದ್ದರು, ಹೊಸ ಬೂಟು ಮೆಟ್ಟಿದ್ದರು. ವಾಪಸು ಟಿಕೆಟು ಇಬ್ಬರಿಗೆ ಬೇಡ, ಕುಲಕರ್ಣಿಯವರಿಗೆ ಒಂದು ಸಾಕು ಎಂದು ದಾರಿಯುದ್ದಕ್ಕೂ ನನ್ನನ್ನು ಛೇಡಿಸಿದರು.

ಕೋಟೇಶ್ವರರಾವ್ ಐವತ್ತೈದರ ಆಸುಪಾಸಿನ ಸಣ್ಣ ಆಳು. ಕಾಫಿ ಕೊಟ್ಟರು, ಫ್ಯಾನು ಜೋರು ಮಾಡಿದರು, ಪ್ರಯಾಣ ಹೇಗಿತ್ತೆಂದು ವಿಚಾರಿಸಿದರು. ಆಮೇಲೆ ಅಂಗಳಕ್ಕೆ ಕರೆದೊಯ್ದು ಹೊದಿಸಿದ್ದ ಟಾರ್ಪಾಲು ಎಳೆದರು. ನಾನೇ ಬಾಯಿ ಬಿಟ್ಟು ನೋಡಿದೆ. ಫೋಟೋಕ್ಕಿಂತ ಚೆಂದ ಇತ್ತು. ಮೂರ್ತಿ ಕಪ್ಪು ಕನ್ನಡಕ ತೆಗೆದು ಅದರ ಬೆನ್ನು ಸವರಿದರು.

ಬಾನೆಟ್ ಎತ್ತಿದರೆ ಒಳಗೆ ಎಂಜಿನ್ನಿರಲಿಲ್ಲ. ಒಂದು ಬಕೆಟ್ಟು, ಒರೆಸುವ ಬಟ್ಟೆ, ಒಂದು ಡಬ್ಬಿ ಪಾಲಿಶ್ ಇದ್ದವು. “ಎಂಜಿನ್ ಎಲ್ಲ್ಯದರಿ?” ಎಂದೆ. ಮೂರ್ತಿಗೆ ಆನಂದ ತಡೆಯಲಾಗಲಿಲ್ಲ. “ಮಧ್ಯದಲ್ಲಿರತ್ತೆ ಕಣ್ರೀ! ಈ ಥರದ ಕಾರುಗಳಲ್ಲೆಲ್ಲ ಎಂಜಿನ್ ಮಧ್ಯದಲ್ಲೇ. ಹೇಳ್ಲಿಲ್ವಾ ನಾನು?” ಕೋಟೇಶ್ವರರಾವ್ ಹೌದೌದು, ಮಧ್ಯದಲ್ಲೇ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ವೈನಿ ಸೀಟಿನ ಸಂದಿಯಿಂದ ಒಣಗಿದ ಸೇವಂತಿಗೆಯ ದಳಗಳನ್ನೂ, ಜರಿ ಅಂಟಿಸಿದ ಥರ್ಮಕೋಲಿನ ಒಂದು ಹೃದಯವನ್ನೂ ಹೊರಗೆ ತೆಗೆದು, “ಇದೇನ್ರೀ?” ಎಂದರು. “ಪೆಳ್ಳಿ, ಅಮ್ಮಾ,” ಎಂದರು ಕೋಟೇಶ್ವರರಾವ್, ಮದುವೆಯದು ಎಂದು. ಪಾಪ, ಹೆಂಡತಿಯನ್ನು ಇದರಲ್ಲೇ ಮನೆ ತುಂಬಿಸಿಕೊಂಡಿರಬೇಕು ಎಂದು ಮೂರ್ತಿ ನನ್ನ ಕಿವಿಯಲ್ಲಿ ಹೇಳಿದರು.

ಕಾರನ್ನು ಜಾಕಿಯ ಮೇಲೆ ಎತ್ತಿಸಿ ನಾನು ಅಭ್ಯಾಸದಂತೆ ಕೆಳಗೆ ಸರಿದೆ. ಕಣ್ಣು ಕತ್ತಲಿಗೆ ಹೊಂದಿಕೊಂಡವು. ಆ ಹೊಟ್ಟೆ ನನಗೆ ಗೊತ್ತಿತ್ತು. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಗೊತ್ತಿದ್ದವು, ಸೈಲೆನ್ಸರಿನ ತಿರುವು ಗೊತ್ತಿತ್ತು, ನಂಬರು ಎಲ್ಲಿ ಕೊರೆದಿರುತ್ತದೆಂದು ಹುಡುಕದೆ ಕೈ ತಾನಾಗಿ ಹೋಯಿತು. ಶಾಲೆಯ ಮಕ್ಕಳನ್ನೂ ಹಾಲಿನ ಕ್ಯಾನುಗಳನ್ನೂ ತುಂಬಿಕೊಂಡು ನಮ್ಮ ಊರೂರುಗಳಲ್ಲಿ ಓಡಾಡುತ್ತದಲ್ಲ, ಡಬ್ಬಿಯಂಥ ಚೌಕಾಕಾರದ ವ್ಯಾನು, ಅದು. ಅಂಥ ಸಾವಿರ ವ್ಯಾನುಗಳ ಕೆಳಗೆ ನಾನು ಮಲಗಿದ್ದೇನೆ. ಅದರ ಎಂಜಿನ್ನೂ ಡ್ರೈವರಿನ ಸೀಟಿನ ಕೆಳಗೆ, ನಡುಮಧ್ಯದಲ್ಲೇ ಇರುತ್ತದೆ.

ಮಲಗಿಕೊಂಡೇ ಜೇಬಿನಿಂದ ಆರ್‌ಸಿಯ ನಕಲು ತೆಗೆದೆ. ನಂಬರಿನ ಪ್ರತಿ ಅಂಕಿಯ ತಲೆಯ ಮೇಲೂ ನನ್ನ ಕೆಂಪು ಗುರುತು ಇತ್ತು. ಅದರ ಕೆಳಗಿನ ಸಾಲಿನಲ್ಲೇ, ವಾಹನದ ವರ್ಗ ಎಂಬಲ್ಲಿ, ಸ್ಪಷ್ಟವಾಗಿ ‘ವ್ಯಾನ್’ ಎಂದು ಬರೆದಿತ್ತು. ನಾನು ಅದನ್ನು ಓದಿರಲಿಲ್ಲ. ಸುಬ್ಬಾರಾವ್ ಓದಿರಲಿಲ್ಲ. ಅಷ್ಟೂ ದಿನ ಅದು ನನ್ನ ಮೇಜಿನ ಮೇಲೇ ಇತ್ತು.

ಪಕ್ಕದಲ್ಲಿ ಹೊಸ ಬೂಟು ಬಂದು ನಿಂತವು. ಮೂರ್ತಿ ಬಗ್ಗಿ, “ಹೇಗಿದೆ ಕುಲಕರ್ಣಿಯವರೇ? ಇಟಲಿ ಕಾಣ್ತಿದೆಯಾ?” ಎಂದರು.

ನಾನು ಇನ್ನೂ ಎರಡು ನಿಮಿಷ ಅಲ್ಲೇ ಮಲಗಿದ್ದೆ. ಹೊರಗೆ ಬರುವ ಧೈರ್ಯ ಇರಲಿಲ್ಲ. ಕೊನೆಗೆ ಬಂದೆ, ಬೆನ್ನಿನ ಧೂಳು ಕೂಡ ಕೊಡವದೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೂರ್ತಿ ನಗಲು ನೋಡಿದರು, ಆಗಲಿಲ್ಲ. ಕೋಟೇಶ್ವರರಾವ್ ಮಾತ್ರ ನಿಜವಾಗಿಯೂ ಚಕಿತರಾಗಿದ್ದರು. “ನೇನೇಮೀ ದಾಚಲೇದಂಡಿ,” ಎಂದರು, ನಾನೇನೂ ಬಚ್ಚಿಟ್ಟಿಲ್ಲ ಎಂದು. ನಿಜವೇ. ಬಚ್ಚಿಡಬೇಕಾದದ್ದನ್ನೆಲ್ಲ ಅವರು ಕೊರಿಯರಿನಲ್ಲಿ ಕಳಿಸಿದ್ದರು. ಆಟೋನಗರದಲ್ಲಿ ಅವರದು ಬಾಡಿ ಕಟ್ಟುವ ವರ್ಕ್‌ಶಾಪು. ಮದುವೆಯ ಮೆರವಣಿಗೆಗೆ ಬಾಡಿಗೆ ಕೊಡಲೆಂದು ಹಳೆಯ ವ್ಯಾನಿನ ಮೇಲೆ ಫೈಬರಿನ ಮೈ ತಾವೇ ಕಟ್ಟಿದ್ದರು. ಇಟಲಿಯದು ಎಂದು ಅವರು ಯಾವತ್ತೂ ಹೇಳಿರಲಿಲ್ಲ, ಅದು ಮೂರ್ತಿಯವರ ಸ್ವಂತ ಸಂಶೋಧನೆ.

ವೈನಿ ನನ್ನ ಕಡೆ ತಿರುಗಿದರು. “ಆವತ್ತು ನೋಡಿದೀನಿ ಅಂದ್ರಲ್ಲ?”

“ಕಾಗದಾ ನೋಡಿದ್ದೆ, ವೈನಿ. ಗಾಡಿ ನೋಡಿದ್ದಿಲ್ಲ. ತಪ್ಪಾತು.”

ಅವರು ಆ ಥರ್ಮಕೋಲಿನ ಹೃದಯವನ್ನು ಮತ್ತೆ ಸೀಟಿನ ಸಂದಿಗೆ ಸಿಕ್ಕಿಸಿ ಮುಖ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು. ನೌಕರಿಯಲ್ಲಿ ನಾನು ತಿಂದ ಬೈಗುಳ ಅಷ್ಟಿಷ್ಟಲ್ಲ, ಅವುಗಳಲ್ಲಿ ಒಂದೂ ಇಷ್ಟು ನಾಟಲಿಲ್ಲ.

ಆಗ ಮೂರ್ತಿ ಕೋಟೇಶ್ವರರಾಯರಿಗೆ ಮೆಲ್ಲಗೆ, “ಒಕ್ಕ ರೌಂಡ್ ವೇಸಿ ವಸ್ತಾನಂಡಿ,” ಎಂದು ಕೇಳಿದರು, ಒಂದೇ ಒಂದು ಸುತ್ತು ಹಾಕಿ ಬರುತ್ತೇನೆ ಎಂದು. ಅವರು ಬೀಗದ ಕೈ ಕೊಟ್ಟರು. ಮೂರ್ತಿ ಕೂತರು. ಏನನ್ನಿಸಿತೋ, ವೈನಿಯೂ ಸೆರಗು ಸುತ್ತಿಕೊಂಡು ಇನ್ನೊಂದು ಬಾಗಿಲಿನಿಂದ ತೂರಿ ಕೂತರು. ಗೇಟಿನ ಎದುರಿನ ರೋಡ್ ಹಂಪಿನ ಮೇಲೆಯೇ ಕಾರಿನ ಹೊಟ್ಟೆ ಗರಗರ ಉಜ್ಜಿತು. ಸಿಟಿ ಬಸ್ಸೊಂದು ದಾರಿ ಬಿಟ್ಟು ನಿಂತಿತು, ಅದರ ಕಿಟಕಿಗಳಿಂದ ತಲೆಗಳೆಲ್ಲ ಹೊರಗೆ ಬಂದವು. ಶಾಲೆಯ ವ್ಯಾನು ಹೊರಡುವಾಗ ಮಾಡುವ ಅದೇ ಸದ್ದು ಮಾಡುತ್ತ ಇಟಲಿಯ ಕಾರು ತಿರುವಿನಲ್ಲಿ ಮರೆಯಾಯಿತು.

ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ಕೋಟೇಶ್ವರರಾವ್ ಗೇಟಿಗೂ ಮನೆಗೂ ಓಡಾಡತೊಡಗಿದರು. ಓಡಿಹೋಗುವ ಜನ ಅಲ್ಲ ಎಂದು ನಾನು ಭರವಸೆ ಕೊಟ್ಟೆ, ಆದರೆ ಆ ಹೊತ್ತಿಗೆ ನನ್ನ ಭರವಸೆಗೆ ಅಲ್ಲಿ ಬೆಲೆ ಇರಲಿಲ್ಲ. ತಾಸಾಗುತ್ತ ಬಂದಾಗ ಕಾರು ಬಂತು. ವೈನಿ ಬಿಸಿ ಜೋಳದ ತೆನೆ ತಿನ್ನುತ್ತಿದ್ದರು, ಕೂದಲು ಕೆದರಿತ್ತು. ನಗುತ್ತಿದ್ದರು. ಇಳಿದವರೇ ಗಂಡನಿಗೆ, “ತಗೊಳ್ಳಿ,” ಎಂದರು.

“ಅದು ವ್ಯಾನು ಕಣೇ,” ಎಂದರು ಮೂರ್ತಿ.

“ಗೊತ್ತು. ಮೂವತ್ತು ವರ್ಷ ನಿಮ್ಮ ಸ್ಕೂಟರಿನ ಹಿಂದೆ ಕೂತು ನಿಮ್ಮ ಅಂಗಿ ಬೆನ್ನು ನೋಡಿದೀನಿ. ಯಾವ ಅಂಗಿ ಎಲ್ಲಿ ಪಿಸಿದಿದೆ ಅಂತ ಹೇಳಬಲ್ಲೆ. ಗಾಡಿ ಓಡಿಸುವಾಗ ನಿಮ್ಮ ಮುಖ ಹೇಗಿರತ್ತೆ ಅಂತ ಇವತ್ತೇ ಕಂಡದ್ದು. ಅದೇನು ಖುಷಿ! ಇಟಲಿಯಾದ್ರೇನು, ಹಾಲಿನ ವ್ಯಾನಾದ್ರೇನು?”

ಮೂರ್ತಿ ತಿರುಗಿ ನನ್ನನ್ನು ನೋಡಿದರು. ನಾನು ಆಗ ಹೇಳಬೇಕಾಗಿದ್ದಷ್ಟು ಕಷ್ಟದ ಮಾತನ್ನು ಇಡೀ ನೌಕರಿಯಲ್ಲಿ ಹೇಳಿಲ್ಲ. ಆರ್‌ಟಿಒ ಒಪ್ಪಿಗೆಯಿಲ್ಲದೆ ಮೈ ಬದಲಾಯಿಸಿದ ಗಾಡಿ. ಮೆರವಣಿಗೆಯಲ್ಲಿ ವಾಲಗದವರ ಹಿಂದೆ ನಡಿಗೆಯ ವೇಗದಲ್ಲಿ ಹೋಗಬಹುದು, ಹೆದ್ದಾರಿಗೆ ಅಲ್ಲ. ವ್ಯಾನಿನ ಬ್ರೇಕಿನ ಕೊಳವೆಯನ್ನು ಕೆಳಗೆ ತಂತಿಯಿಂದ ಬಿಗಿದಿದ್ದನ್ನು ನಾನು ಕಂಡಿದ್ದೆ. ಏನಾದರೂ ಆದರೆ ನಮ್ಮ ಕಂಪನಿ ಕೈ ತೊಳೆದುಕೊಳ್ಳುತ್ತದೆ.

“ಬ್ಯಾಡ್ರೀ ವೈನಿ,” ಎಂದೆ. “ಇದು ನಿಮ್ಮನ್ನ ಮನೀ ಮುಟ್ಟಸೂದಿಲ್ಲ.”

“ಈ ಸಲ ನೋಡಿ ಹೇಳ್ತಿದೀರಾ?”

“ನೋಡೇ ಹೇಳ್ಲಿಕತ್ತೀನಿ.”

ಅವರು ತೆನೆಯ ದಿಂಡನ್ನು ಕೈಯಲ್ಲಿ ಒಂದು ಸಲ ತಿರುಗಿಸಿದರು. “ಸರಿ, ಬಿಡಿ,” ಎಂದರು. ಮೂರ್ತಿ ಬೀಗದ ಕೈ ಹಿಂದಿರುಗಿಸಿ ಕೋಟೇಶ್ವರರಾಯರ ಕೈ ಹಿಡಿದುಕೊಂಡು, ಚೆನ್ನಾಗಿ ಕಟ್ಟಿದ್ದೀರಿ ಎಂದರು. ಇನ್ನೆರಡು ಟಿಕೆಟಿಗೆ ನಾನೇ ಸಾಲಿನಲ್ಲಿ ನಿಂತೆ. ರೈಲಿನಲ್ಲಿ ವೈನಿ ನನಗೂ ಒಂದು ತೆನೆ ಕೊಟ್ಟರು. ಅಷ್ಟು ಹೊತ್ತಿನಲ್ಲಿ ನನಗೆ ಸಿಕ್ಕ ಮೊದಲ ಕ್ಷಮೆ ಅದು.

ಸೋಮವಾರ ಕಚೇರಿಗೆ ಹೋಗಿ, ಹಿಂದಿನ ವರದಿ ವಾಹನ ನೋಡದೆ ಬರೆದದ್ದು ಎಂದು ಬರೆದುಕೊಟ್ಟೆ. ಸುಬ್ಬಾರಾವ್ ಓದಿದರು. ತಮ್ಮ ಸಹಿಯೂ ಅಲ್ಲೇ ಇರುವುದನ್ನು ನೋಡಿದರು. ನನಗೊಂದು ಮೆಮೊ ಬಂತು. ಅದನ್ನು ಕೊಡುವಾಗ ಅವರಿಗೇ ನಾಚಿಕೆಯಾಗಿ, ಕ್ಯಾಂಟೀನಿಗೆ ಕರೆದೊಯ್ದು ಪೆಸರಟ್ಟು ತಿನ್ನಿಸಿದರು. ಅಂದಿನಿಂದ ಪ್ರಿಂಟನ್ನು ಬೆಳಕಿಗೆ ಹಿಡಿದ ಮೇಲೆ ಅವರು ಇನ್ನೊಂದು ಪ್ರಶ್ನೆ ಸೇರಿಸಿದರು: “ಟ್ಯಾಲಿ ಸರೇನಂಡಿ, ಬಂಡಿ ಏಮಿಟಿ?” ಹೊಂದಿತು ಸರಿ, ಗಾಡಿ ಯಾವುದು?

ಈಗ ಪೆನ್ಸಿಲ್ ಇಲ್ಲವಂತೆ. ಮಾಲೀಕನೇ ಮೊಬೈಲಿನಲ್ಲಿ ವಿಡಿಯೊ ತೆಗೆದು ಕಳಿಸುತ್ತಾನಂತೆ, ಬಿಳಿ ಅಂಗಿಯ ಹೊಸಬರಾದ ನೀವು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ನೋಡುತ್ತೀರಂತೆ. ಒಳ್ಳೆಯದೇ. ನಾವು ಕಪ್ಪು ಬಿಳುಪಿನಲ್ಲಿ ಮೋಸ ಹೋದೆವು, ನೀವು ಬಣ್ಣದಲ್ಲಿ ಹೋಗುತ್ತೀರಿ. ತಿಂಗಳಿಗೊಂದು ಗಾಡಿಯ ಕೆಳಗಾದರೂ ಹೋಗಿ ಬನ್ನಿ. ಅಂಗಿ ಒಗೆದರೆ ಹೋಗುತ್ತದೆ.

ಪಟಮಟಕ್ಕೆ ಹೋಗಿ ಬಂದು ಎರಡು ತಿಂಗಳಾದ ಮೇಲೆ ಟೌನ್‌ಶಿಪ್ಪಿನಲ್ಲೇ ಊರು ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರ ಸಣ್ಣ ಬೂದು ಬಣ್ಣದ ಕಾರು ಮಾರಾಟಕ್ಕೆ ಬಂತು. ಮೂರ್ತಿಗೆ ಅದರಲ್ಲಿ ಮನಸ್ಸಿರಲಿಲ್ಲ, ಹೆಂಡತಿ ಎಳೆದು ತಂದದ್ದಕ್ಕೆ ಬಂದಿದ್ದರು. ನಾನು ಯಾರೂ ಹೇಳುವ ಮೊದಲೇ ಕೆಳಗೆ ಹೊಕ್ಕು ಬ್ರೇಕು, ಸ್ಪ್ರಿಂಗು, ಕೊಳವೆ ಎಲ್ಲ ಮುಟ್ಟಿ ನೋಡುತ್ತಿದ್ದೆ. ಮೇಲೆ ಎಡಗಡೆಯ ಬಾಗಿಲು ತೆರೆದ ಸದ್ದಾಯಿತು. “ನೀವೂ ಬನ್ನಿ, ಸ್ಟೇರಿಂಗ್ ಮುಂದೆ ಕೂತ್ಕೊಳ್ಳಿ,” ಎಂದು ವೈನಿಯ ಧ್ವನಿ. ಗಾಡಿ ಇನ್ನೊಂದು ಇಂಚು ನನ್ನ ಮೂಗಿನ ಹತ್ತಿರ ಇಳಿಯಿತು. ಮುಂದಿನ ಗಾಲಿಗಳು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿದವು.

“ಯಾಕೇ ಹಾಗೆ ನೋಡ್ತಿದೀಯ?” ಎಂದರು ಮೂರ್ತಿ.

“ಇದರಲ್ಲೂ ನಿಮ್ಮ ಮುಖ ಕಾಣತ್ತಾ ಅಂತ ನೋಡ್ದೆ,” ಎಂದರು ವೈನಿ. “ಕಾಣತ್ತೆ. ಇದನ್ನೇ ತಗೊಳ್ಳೋಣ.”

ನನ್ನ ಕೆಲಸ ಆಗಲೇ ಮುಗಿದಿತ್ತು. ಆದರೂ ಅವರಿಬ್ಬರೂ ಇಳಿಯುವವರೆಗೆ ನಾನು ಕಾರಿನ ಕೆಳಗೇ ಮಲಗಿದ್ದೆ.